ಗುರುತು ಮತ್ತು ಪುರಾವೆ

ಒಬ್ಬ ಮನುಷ್ಯನನ್ನು ಇವನು ಇಂಥವನೇ ಎಂದು ತಿಳಿಯುವದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ದರ್ಶನಕಾರರು ಬಹು ಹಿಂದೆಯೇ ಎತ್ತಿದ್ದಾರೆ. 'ಆ ದೇವದತ್ತನೇ ಈತನು' ಎಂಬ ಅವರ ಉದಾಹರಣೆಯು ನ್ಯಾಯವನ್ನಾಗಲಿ ವೇದಾಂತವನ್ನಾಗಲಿ ಸ್ವಲ್ಪ ಓದಿದವರಿಗೆಲ್ಲ ಪರಿಚಿತವಾದುದು. ಹಿಂದೊಮ್ಮೆ ಬೇರೆ ಊರಿನಲ್ಲಿ, ಬೇರೆ ವಯಸ್ಸಿನಲ್ಲಿ, ಬೇರೆ ವೇಷದಲ್ಲಿ ಕಂಡವನನ್ನು ಇಂದು ಎದುರಿಗೆ ಕಂಡು ಅವನೇ ಇವನೆಂದು ನಿಶ್ಚಯಿಸುವ ಜ್ಞಾನಕ್ಕೆ ಅವರು ಪ್ರತ್ಯಭಿಜ್ಞೆ ಎಂದು ಹೆಸರಿಟ್ಟರು. ನಮ್ಮ ಆಡುಮಾತಿನಲ್ಲಿ ಇದಕ್ಕೆ ಗುರುತು ಎನ್ನುವರು. ಗುರುತಿನವರು, ಗುರುತು ಹಿಡಿದನು, ಗುರುತು ಮರೆತನು ಎಂದು ನಾವು ದಿನಾಲು ಆಡುವ ಮಾತುಗಳಲ್ಲಿ ಆ ದೊಡ್ಡ ಶಬ್ದದ ಅರ್ಥವೆಲ್ಲವೂ ಅಡಗಿದೆ. ಇದರ ನೆರೆಯಲ್ಲಿ ಇನ್ನೊಂದು ಶಬ್ದವು ಕುಳಿತಿರುವದು. ಅದು ಪುರಾವೆ. ಮರಾಠಿಯ ಮಾರ್ಗವಾಗಿ ಕಚೇರಿಗೂ, ಕಚೇರಿಯಿಂದ ಮನೆಗೂ ಬಂದ ಶಬ್ದವದು. ಇವೆರಡೂ ಒಂದೇ ಕೆಲಸವನ್ನು ಮಾಡುವವೆಂದು ಮೇಲುನೋಟಕ್ಕೆ ತೋರುವದು. ಹಾಗಲ್ಲವೆಂದೂ, ಒಂದರ ಸ್ಥಾನದಲ್ಲಿ ಇನ್ನೊಂದನ್ನು ತಂದು ಕೂರಿಸಿದಾಗ ಮನುಷ್ಯರ ನಡುವೆ ಏನೋ ಒಂದು ಕಳೆದುಹೋಗುವದೆಂದೂ ಈ ಲೇಖನದಲ್ಲಿ ಹೇಳಬೇಕಾಗಿದೆ. ಕಳೆದುಹೋಗುವ ಆ ವಸ್ತುವು ಯಾವಾಗಲೂ ಒಳ್ಳೆಯದೇ ಎಂದು ಮಾತ್ರ ನಾನು ವಾದಿಸುವದಿಲ್ಲ.

ನಾನು ರೋಣ ತಾಲೂಕಿನ ಎರೆಯ ಸೀಮೆಯವನು. ಉದ್ಯೋಗದ ಸಲುವಾಗಿ ಕೆಲವು ವರ್ಷಗಳಿಂದ ಜರ್ಮನಿಯ ದಕ್ಷಿಣದಲ್ಲಿ, ಸ್ಟುಟ್‌ಗಾರ್ಟ್ ನಗರದ ಬಳಿಯಲ್ಲಿ ಇರುತ್ತೇನೆ. ನಮ್ಮ ಭಾಷೆಗೆ 1894ರಲ್ಲಿ ಮಹಾಕೋಶವನ್ನು ಕೊಟ್ಟ ಕಿಟೆಲ್ಲರು ತಮ್ಮ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್ ಪಟ್ಟಣವು ಇಲ್ಲಿಂದ ದೂರವಿಲ್ಲ. ಪರದೇಶದಲ್ಲಿರುವವನು ಬರೆಯತೊಡಗಿದರೆ ಅಲ್ಲಿಯ ಬೀದಿಗಳ ನೈರ್ಮಲ್ಯವನ್ನೂ ಗಾಡಿಗಳ ವೇಗವನ್ನೂ ಬಣ್ಣಿಸುವದು ವಾಡಿಕೆ. ಅದನ್ನು ನನಗಿಂತ ಬಲ್ಲವರು ಚೆನ್ನಾಗಿ ಬಣ್ಣಿಸಿದ್ದಾರೆ. (ಈಚೆಗೆ ಅಲ್ಲಿಯ ಗಾಡಿಗಳು ವೇಳೆಗೆ ಸರಿಯಾಗಿ ಬರುವದಿಲ್ಲವೆಂದು ಹೇಳಿದರೆ ನಮ್ಮ ಊರಲ್ಲಿ ಯಾರೂ ನಂಬಲೊಲ್ಲರು.) ನನ್ನ ಮನಸ್ಸನ್ನು ಹಿಡಿದುದು ಬೇರೆಯ ಸಂಗತಿ.

ಆ ನಗರದ ರೈಲು ನಿಲ್ದಾಣಗಳಿಗೆ ಬಾಗಿಲಿಲ್ಲ. ತಿಕೀಟನ್ನು ತೋರಿಸಿ ಒಳಗೆ ಹೋಗುವ ಕಟಾಂಜನವೂ ಇಲ್ಲ, ತಡೆಯುವ ಆಳೂ ಇಲ್ಲ. ನೆಲದಡಿಯ ಗಾಡಿಯಿರಲಿ, ಬೀದಿಯ ಗಾಡಿಯಿರಲಿ, ಯಾರು ಬೇಕಾದರೂ ನೆಟ್ಟಗೆ ಹೋಗಿ ಕುಳಿತುಕೊಳ್ಳಬಹುದು. ತಿಕೀಟನ್ನು ಕೊಂಡಿರುವನೆಂದು ಆಡಳಿತದವರು ಮೊದಲು ನಂಬುವರು. ಎಂದಾದರೊಮ್ಮೆ ಬಂದು ಕೇಳುವರು. ಊರ ಹೊರಗೆ ಹೋದರೆ ರಸ್ತೆಯ ಮಗ್ಗುಲಲ್ಲಿ ಹೂವಿನ ಹೊಲಗಳು ಕಾಣುವವು. ವಸಂತದಲ್ಲಿ ಟ್ಯೂಲಿಪ್ಪು, ಬೇಸಗೆಯಲ್ಲಿ ಸೂರ್ಯಕಾಂತಿ, ಗ್ಲಾಡಿಯೋಲಸ್ಸು. ಒಂದು ಹಲಗೆಯ ಮೇಲೆ ಒಂದೊಂದು ಹೂವಿನ ಬೆಲೆಯನ್ನು ಬರೆದಿರುವರು. ಹೂವನ್ನು ಕೊಯ್ಯಲಿಕ್ಕೆ ಚಾಕುವನ್ನೂ ಇಟ್ಟಿರುವರು. ರೊಕ್ಕ ಹಾಕಲಿಕ್ಕೆ ಒಂದು ಕಬ್ಬಿಣದ ಡಬ್ಬಿ. ಹೊಲದೊಡೆಯನು ಅಲ್ಲಿಲ್ಲ, ಕಾವಲುಗಾರನೂ ಇಲ್ಲ. ಬಂದವನು ತನಗೆ ಬೇಕಾದಷ್ಟು ಹೂ ಕೊಯ್ದು, ತಾನೇ ಲೆಕ್ಕ ಹಾಕಿ, ಡಬ್ಬಿಯಲ್ಲಿ ನಾಣ್ಯಗಳನ್ನು ಬಿಟ್ಟು ಹೋಗುವನು. ಹಳ್ಳಿಗಳಲ್ಲಿ ತತ್ತಿ, ಬಟಾಟೆ, ಜೇನುತುಪ್ಪಗಳನ್ನೂ ಹೀಗೆಯೇ ಮಾರುವರು. ನಾನು ಮೊದಲನೆಯ ಸಲ ಅಂಥ ಹೊಲದಲ್ಲಿ ನಿಂತಾಗ ಸುತ್ತಲೂ ನೋಡಿದೆನು; ಯಾರಾದರೂ ನನ್ನನ್ನು ನೋಡುತ್ತಿರಬೇಕೆಂದು ಅನಿಸಿತು. ಯಾರೂ ಇರಲಿಲ್ಲ. ನನ್ನ ಬಣ್ಣವನ್ನಾಗಲಿ ಹೆಸರನ್ನಾಗಲಿ ದೇಶವನ್ನಾಗಲಿ ಅರಿಯದ ಒಬ್ಬ ಒಕ್ಕಲಿಗನು ನನ್ನ ಕೈಯಲ್ಲಿ ಚಾಕುವನ್ನೂ ತನ್ನ ಬೆಳೆಯನ್ನೂ ಬಿಟ್ಟು ಮನೆಗೆ ಹೋಗಿದ್ದನು.

ನಮ್ಮ ಕಡೆಗೂ ಹೊಲಕ್ಕೆ ಸಂಬಂಧಪಟ್ಟ ಇಂಥ ಔದಾರ್ಯವು ಹೊಸತಲ್ಲ. ಹಾದಿಹೋಕನು ಹಸಿದು ಬಂದರೆ ಹಸಿಗಡಲೆಯ ಎರಡು ಗಿಡಗಳನ್ನು ಕಿತ್ತು ತಿನ್ನಬಹುದು, ಉಡಿ ಕಟ್ಟಿ ಒಯ್ಯಕೂಡದು ಎಂಬ ನ್ಯಾಯವನ್ನು ಯಾವ ಹಲಗೆಯ ಮೇಲೂ ಬರೆಯದೆ ನಮ್ಮ ಹಿರಿಯರು ನಡಿಸಿಕೊಂಡು ಬಂದರು. ಆದರೆ ಅಲ್ಲಿ ಹಾದಿಹೋಕನು ಬಹುತರವಾಗಿ ಗುರುತಿನವನು. ಇಲ್ಲವೆ ಅವನ ಊರಾದರೂ ಗುರುತಿನದು. ಈ ಹೂವಿನ ಹೊಲದಲ್ಲಿ ಗುರುತೂ ಇಲ್ಲ, ಪುರಾವೆಯೂ ಇಲ್ಲ. ಎರಡೂ ಇಲ್ಲದ ಕಡೆಯಲ್ಲಿ ನಂಬಿಗೆಯು ಹೇಗೆ ಬೆಳೆಯಿತೆಂಬದು ವಿಚಾರಮಾಡತಕ್ಕ ವಿಷಯ.

ಇದನ್ನು ಹೊಗಳುವ ಭರದಲ್ಲಿ ಅದರ ಇನ್ನೊಂದು ಮಗ್ಗುಲನ್ನು ಮುಚ್ಚಿಡಬಾರದು. ಬಾಗಿಲಿಲ್ಲದ ನಿಲ್ದಾಣದ ಗಾಡಿಯಲ್ಲಿ ತಿಕೀಟಿಲ್ಲದೆ ಸಿಕ್ಕವನು 2015ರಿಂದ 60 ಯೂರೋ ದಂಡವನ್ನು ತೆರಬೇಕು. ಹೀಗೆ ಪ್ರಯಾಣಮಾಡುವದು ಅಲ್ಲಿ ಬರಿಯ ತಪ್ಪಲ್ಲ, ಅಪರಾಧ. ಆ ಕಲಮು ದಂಡಸಂಹಿತೆಯಲ್ಲಿ ಸೇರಿದ್ದು 1935ರಲ್ಲಿ. ದಂಡ ತೆರಲಾರದ ಬಡವರು ಸೆರೆಮನೆಗೆ ಹೋಗುವದೂ ಉಂಟು. ಆದುದರಿಂದ ಆ ತೆರೆದ ಬಾಗಿಲು ಬರಿಯ ನಂಬಿಗೆಯ ಬಾಗಿಲಲ್ಲ. ಕೋನಿಗ್ಸ್‌ಬರ್ಗ್ ಪಟ್ಟಣದ ತತ್ತ್ವಜ್ಞನಾದ ಕಾಂಟನು 1785ರಲ್ಲಿ ಪ್ರಕಟವಾದ ತನ್ನ ನೀತಿಗ್ರಂಥದಲ್ಲಿ ಒಬ್ಬ ಅಂಗಡಿಕಾರನ ದೃಷ್ಟಾಂತವನ್ನು ಕೊಟ್ಟಿರುವನು. ಏನೂ ಅರಿಯದ ಚಿಕ್ಕ ಹುಡುಗನು ಬಂದರೂ ಆ ಅಂಗಡಿಕಾರನು ಹೆಚ್ಚು ಬೆಲೆ ತೆಗೆದುಕೊಳ್ಳುವದಿಲ್ಲ. ನಡತೆಯೇನೋ ಪ್ರಾಮಾಣಿಕವಾದುದೇ, ಆದರೆ ಗಿರಾಕಿಗಳು ಉಳಿಯಲೆಂಬ ಜಾಣತನದಿಂದ ಅವನು ಹಾಗೆ ನಡೆದಿದ್ದರೆ ಅದಕ್ಕೆ ನೀತಿಯ ಬೆಲೆಯು ಬಾರದು ಎಂದು ಕಾಂಟನ ಅಭಿಪ್ರಾಯ. ತಿಕೀಟು ಇಲ್ಲದಿದ್ದರೆ ತೆರೆಯದ ಯಂತ್ರದ ಬಾಗಿಲನ್ನು ದಾಟಿದವನಿಗೆ ಪ್ರಾಮಾಣಿಕನಾಗುವ ಅವಕಾಶವೇ ಇರುವದಿಲ್ಲ. ದಂಡದ ಅಂಜಿಕೆಯಿಂದ ತಿಕೀಟು ಕೊಂಡವನು ಕಾಂಟನ ಅಂಗಡಿಕಾರನು. ಹೂವಿನ ಹೊಲದ ಡಬ್ಬಿಯ ಮುಂದೆ ನಿಂತವನಾದರೋ ಕಾಂಟನು ಹೇಳುವ ಪರೀಕ್ಷೆಗೆ ನಿಜವಾಗಿ ಒಳಗಾಗುವನು. ಎಷ್ಟು ಜನರು ಉತ್ತೀರ್ಣರಾಗುವರೋ ನಾನರಿಯೆ. ಆದರೆ ವರ್ಷ ವರ್ಷವೂ ಹೊಲಗಳು ಹೂ ಬಿಡುತ್ತಿರುವವು, ಡಬ್ಬಿಗಳು ಅಲ್ಲಿಯೇ ಇರುವವು.

ಇನ್ನು ನಮ್ಮ ಊರಿನ ಕಡೆಗೆ ಬರೋಣ. ರಜೆಯಲ್ಲಿ ಬಂದವನು ರೋಣದ ಸಂತೆಗೆ ಹೋದರೆ ಜರ್ಮನಿಯಲ್ಲಿ ಕಾಣದ ಚಮತ್ಕಾರವನ್ನು ಕಾಣುವನು. ಅಲ್ಲಿ ಎಷ್ಟೋ ರೊಟ್ಟಿ ಅಂಗಡಿಯವರು ಇಂದಿಗೂ ನಗದು ರೊಕ್ಕವನ್ನೇ ಕೇಳುವರು. ಇಲ್ಲಿ ನೆಲದ ಮೇಲೆ ಗೋಣಿಚೀಲವನ್ನು ಹಾಸಿ ಮೆಂತೆಪಲ್ಲೆ ಮಾರುವವಳ ಮಗ್ಗುಲಲ್ಲಿ ಕಪ್ಪು ಬಿಳಿ ಚುಕ್ಕೆಗಳ ಚೌಕವೊಂದು ನಿಂತಿರುವದು. ಗಿರಾಕಿಯು ತನ್ನ ದೂರವಾಣಿಯನ್ನು ಅದಕ್ಕೆ ತೋರಿಸಿದೊಡನೆ, ಇಷ್ಟು ರೂಪಾಯಿ ಬಂದಿತೆಂದು ಒಂದು ಸಣ್ಣ ಪೆಟ್ಟಿಗೆಯು ಕನ್ನಡದಲ್ಲಿ ಕೂಗಿ ಹೇಳುವದು. 2016ರಲ್ಲಿ ಆರಂಭವಾದ ಈ ಏರ್ಪಾಡು ಇಷ್ಟು ಬೇಗ ನಮ್ಮ ಹಳ್ಳಿಗಳ ಸಂತೆಯನ್ನು ಮುಟ್ಟುವದೆಂದು ಯಾರೂ ಎಣಿಸಿರಲಿಕ್ಕಿಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳಿಗೂ ಸ್ಟುಟ್‌ಗಾರ್ಟಿನ ಸುತ್ತಲಿನ ಗುಡ್ಡಗಳ ಮೇಲಿನವುಗಳಿಗೂ ಭೇದವಿಲ್ಲ. ಕೆಲವು ವಿಷಯಗಳಲ್ಲಿ ನಾವು ಮುಂದೆಯೇ ಇದ್ದೇವೆ. ಆ ಪೆಟ್ಟಿಗೆಯ ಧ್ವನಿಯಿಂದ ಓದುಬಾರದ ಆ ತಾಯಿಗೆ ಆದ ಉಪಕಾರವು ದೊಡ್ಡದು: ಗಿರಾಕಿಯ ಮಾತನ್ನು ಅವಳು ನಂಬಬೇಕಾಗಿಲ್ಲ. ಈ ಕೊನೆಯ ವಾಕ್ಯವನ್ನು ಸ್ವಲ್ಪ ನಿಂತು ನೋಡಬೇಕು. ನಂಬಬೇಕಾಗಿಲ್ಲವೆಂಬದೇ ಇಲ್ಲಿ ಉಪಕಾರವಾಗಿದೆ. ಮೊದಲು ಹಾಲಿನವನು ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ತಿಂಗಳ ಲೆಕ್ಕವನ್ನು ಇಡುತ್ತಿದ್ದನು; ಗೋಡೆಯು ಗಿರಾಕಿಯದು, ಗೆರೆಯು ಹಾಲಿನವನದು. ಒಂದು ಗೆರೆಯನ್ನು ಅಳಿಸುವದು ಗಿರಾಕಿಗೂ, ಒಂದನ್ನು ಹೆಚ್ಚು ಎಳೆಯುವದು ಹಾಲಿನವನಿಗೂ ಕಠಿಣವಾಗಿರಲಿಲ್ಲ. ಆ ಗೋಡೆಯು ಇಬ್ಬರ ಮಾನವನ್ನೂ ಹೊತ್ತು ನಿಂತಿತ್ತು.

ಈಗ ನಾನು ಹೇಳಬೇಕಾದ ಸಂಗತಿಗೆ ಬರುತ್ತೇನೆ. ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿ ಇರುವಳು. ಹಳ್ಳಿಯ ಹೆಸರಾಗಲಿ ಅವಳ ಹೆಸರಾಗಲಿ ಬೇಕಾಗಿಲ್ಲ. ಎರೆಯ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ಶೇಂಗಾ ಹರಿದು, ಕೂಲಿಯ ಮೇಲೆ ಮಕ್ಕಳನ್ನು ಸಾಕಿದವಳು. ಮಗನು ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿರುವನು. ನಮ್ಮ ಭಾಗದ ಅನೇಕರಂತೆ ಹಬ್ಬಕ್ಕೆ ಬಂದು ಹೋಗುವನು. ತಿಂಗಳ ಅಕ್ಕಿಗಾಗಿ ಆಕೆ ನ್ಯಾಯಬೆಲೆಯ ದುಕಾನಿಗೆ ಹೋಗಿ ಯಂತ್ರದ ಮೇಲೆ ಹೆಬ್ಬೆಟ್ಟನ್ನಿಟ್ಟಳು. ಯಂತ್ರವು ಅಲ್ಲವೆಂದಿತು. ಇನ್ನೊಂದು ಬೆರಳು, ಮತ್ತೊಂದು ಬೆರಳು. ಒರಸಿಕೊಂಡು ಇಟ್ಟಳು, ಎಣ್ಣೆ ಸವರಿ ಇಟ್ಟಳು. ಅಲ್ಲ, ಅಲ್ಲ. ದುಕಾನಿನವನು ಅವಳನ್ನು ಚಿಕ್ಕಂದಿನಿಂದ ಬಲ್ಲವನು. ಅವನ ತಾಯಿಯ ಬಾಣಂತಿತನದಲ್ಲಿ ಮಗುವಿಗೆ ಎರೆದವಳೇ ಈ ಮುದುಕಿ. ಆ ಮಗುವೇ ಅವನು. 'ಅವ್ವಾ, ನೀ ಯಾರಂತ ನನಗ ಗೊತ್ತೈತಿ, ಅದಕ್ಕ ಗೊತ್ತಿಲ್ಲ' ಎಂದನಂತೆ. ನಿಯಮಗಳಲ್ಲಿ ಬೇರೆ ದಾರಿಗಳಿಲ್ಲವೆಂದಲ್ಲ: ದೂರವಾಣಿಗೆ ಬರುವ ಅಂಕೆಗಳನ್ನು ಹೇಳಬಹುದು, ಆದರೆ ಆ ದೂರವಾಣಿಯು ಮಂಗಳೂರಿನಲ್ಲಿತ್ತು. ಆ ದಿನ ಬರಿಗೈಯಲ್ಲಿ ಹೋದಳು, ಮರುದಿನವೂ ಹೋದಳು. ಮೂರನೆಯ ದಿನ ಮಗನು ಕೆಲಸದ ನಡುವೆ ಅಂಕೆಗಳನ್ನು ಓದಿ ಹೇಳಿದ ಮೇಲೆ ಅಕ್ಕಿಯು ದೊರೆಯಿತು.

ಯಂತ್ರದ ಪಕ್ಷವನ್ನು ಹಿಡಿದು ಒಂದು ಮಾತು ಹೇಳಬೇಕಾದದ್ದು ನ್ಯಾಯ. ಅದು ಸುಳ್ಳು ಹೇಳಲಿಲ್ಲ. ಬೆರಳಿನ ಮೇಲಿನ ಗೆರೆಗಳು ಎಲ್ಲಿ ಮುಗಿಯುವವು, ಎಲ್ಲಿ ಕವಲೊಡೆಯುವವು ಎಂಬ ಬಿಂದುಗಳನ್ನು ಅದು ಎಣಿಸುವದು. ಹಿಂದೆ ದಾಖಲಾದ ಬಿಂದುಗಳೊಡನೆ ಹೋಲಿಸುವದು. ಹೋಲಿಕೆಯು ಗೊತ್ತುಪಡಿಸಿದ ಮಿತಿಯನ್ನು ಮುಟ್ಟಿದರೆ ಹೌದು, ಮುಟ್ಟದಿದ್ದರೆ ಅಲ್ಲ. ಮಣ್ಣಿನಲ್ಲಿ ದುಡಿದು ಸವೆದ ಬೆರಳಿನಲ್ಲಿ ಗೆರೆಗಳು ಮಾಸಿರುವವು. ಮುಪ್ಪಿನಲ್ಲಿ ಚರ್ಮವು ಒಣಗಿ ಸುಕ್ಕುಗಟ್ಟುವದು. ಓದುವದಕ್ಕೆ ಏನೂ ಉಳಿದಿಲ್ಲದ ಪುಟವನ್ನು ಓದೆಂದರೆ ಯಾರು ಓದಬಲ್ಲರು? ಆದರೆ ಆ ಮಿತಿಯೆಂಬುದೊಂದಿದೆಯಷ್ಟೆ, ಅದು ಆಕಾಶದಿಂದ ಬಿದ್ದುದಲ್ಲ. ಅದನ್ನು ಏರಿಸಿದರೆ ಮೋಸಗಾರರು ಕಡಿಮೆಯಾಗುವರು, ನಿಜವಾದವರಲ್ಲಿಯೂ ಕೆಲವರು ಹೊರಗುಳಿಯುವರು; ಇಳಿಸಿದರೆ ನಿಜವಾದವರೆಲ್ಲ ಒಳಗೆ ಬರುವರು, ಅವರ ಹಿಂದಿನಿಂದ ಕೆಲವು ಮೋಸಗಾರರೂ ನುಸುಳುವರು. ಎಷ್ಟು ನಿರಪರಾಧಿಗಳನ್ನು ಹಸಿವಿಗೆ ಒಪ್ಪಿಸಿ ಎಷ್ಟು ಕಳ್ಳರನ್ನು ತಡೆಯಬೇಕು ಎಂಬ ಪ್ರಶ್ನೆಯು ಗಣಿತದ್ದಲ್ಲ, ಧರ್ಮದ್ದು. ಅದನ್ನು ಎಲ್ಲಿಯೋ ಕುಳಿತ ಯಾರೋ ಒಬ್ಬರು ಒಂದು ಅಂಕೆಯ ರೂಪದಲ್ಲಿ ಒಮ್ಮೆ ತೀರ್ಮಾನಿಸಿಬಿಟ್ಟಿರುವರು. ಮುದುಕಿಯು ಅವರನ್ನು ಕಾಣಲಾರಳು. ದುಕಾನಿನವನೂ ಕಾಣಲಾರನು.

ಬೆರಳಚ್ಚಿನ ಈ ವಿದ್ಯೆಯು ಹುಟ್ಟಿದ್ದು ನಮ್ಮ ದೇಶದಲ್ಲಿಯೇ ಎಂಬದನ್ನು ಅನೇಕರು ಅರಿಯರು. ಬಂಗಾಲದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲನು 1858ರ ಜುಲೈ ತಿಂಗಳಲ್ಲಿ ಒಬ್ಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯ ಅಚ್ಚನ್ನು ಒತ್ತಿಸಿಕೊಂಡನು. ಮುಂದೆ ಅವನು ಸಹಿ ನನ್ನದಲ್ಲವೆಂದು ಹೇಳದಂತೆ ಅಂಜಿಸುವದೇ ಆಗಿನ ಉದ್ದೇಶವಾಗಿತ್ತು. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೂ ಸ್ಥಾಪಿತವಾಯಿತು. 1858ನ್ನು ನಮ್ಮ ನರಗುಂದದವರು ಮರೆಯುವಂತಿಲ್ಲ. ದತ್ತಕಕ್ಕೆ ಸರಕಾರವು ಮಾನ್ಯತೆ ಕೊಡದೆ ಹೋದುದರಿಂದ ನೊಂದ ಬಾಬಾಸಾಹೇಬ ಭಾವೆಯವರು ಬಂಡೆದ್ದು, ಅದೇ ವರ್ಷದ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಎರಡು ಘಟನೆಗಳಿಗೆ ನೇರವಾದ ಸಂಬಂಧವಿಲ್ಲ. ಕಾಲದ ಸಂಬಂಧವು ಮಾತ್ರ ಇದೆ. ಆದರೂ ಒಂದರ ಮಗ್ಗುಲಲ್ಲಿ ಇನ್ನೊಂದನ್ನಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುವದು. ಜನರ ಮೋರೆಯನ್ನು ಅರಿಯದ, ಅವರ ಮಾತನ್ನು ನಂಬದ ಪ್ರಭುತ್ವಕ್ಕೆ ಪುರಾವೆಯು ಬೇಕಾಯಿತು. ಗುರುತು ಇಲ್ಲದ ಕಡೆಯಲ್ಲಿ ಪುರಾವೆಯು ಹುಟ್ಟುವದು ಸ್ವಾಭಾವಿಕ. ಗುರುತು ಇದ್ದ ಕಡೆಯಲ್ಲಿಯೂ ಬಂದು ಅದರ ಬಾಯನ್ನು ಮುಚ್ಚಿಸುವದೇ ಹೊಸತು.

ಹೊಸತೆಂದೆನಲ್ಲವೆ? ಶಕುಂತಲೆಯ ಕಥೆಯನ್ನು ನೆನೆದಾಗ ಆ ಮಾತಿಗೆ ಸ್ವಲ್ಪ ತಿದ್ದುಪಡಿ ಬೇಕೆನಿಸುವದು. ಚುರಮರಿ ಶೇಷಗಿರಿರಾಯರು ನಮ್ಮ ಕಡೆಯ ಕನ್ನಡಕ್ಕೆ ತಂದ ಕಾಲಿದಾಸನ ನಾಟಕದಲ್ಲಿ ದುಷ್ಯಂತನು ಶಾಪದ ದೆಸೆಯಿಂದ ನಿಜವಾಗಿಯೇ ಮರೆತಿರುವನು. ಉಂಗುರವು ಕಾಣುವವರೆಗೆ ಅವನಿಗೆ ನೆನಪಿಲ್ಲ. ಆದುದರಿಂದ ಕಾಲಿದಾಸನ ರಾಜನ ಮೇಲೆ ನಮಗೆ ಸಿಟ್ಟು ಬಾರದು. ವ್ಯಾಸರ ಭಾರತದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿಯ ರಾಜನು ಶಕುಂತಲೆಯನ್ನು ಕಂಡೊಡನೆ ಗುರುತು ಹಿಡಿದಿರುವನು; ಹಿಡಿದೂ ತುಂಬಿದ ಸಭೆಯಲ್ಲಿ ನೀನಾರೆಂದು ಕೇಳುವನು. ಅವಳು ಸತ್ಯದ ಬಲದಿಂದಲೇ ವಾದಿಸುವಳು. ಕೊನೆಗೆ ಅಶರೀರವಾಣಿಯೊಂದು ಮೇಲಿನಿಂದ ನುಡಿದ ಮೇಲೆ, ನನಗೆ ಮೊದಲೇ ಗೊತ್ತಿತ್ತು, ಬರಿಯ ಅವಳ ಮಾತಿನ ಮೇಲೆ ಸ್ವೀಕರಿಸಿದ್ದರೆ ಜನರು ಸಂಶಯಪಡುತ್ತಿದ್ದರು ಎಂದು ರಾಜನು ಹೇಳಿಕೊಳ್ಳುವನು. ನಮ್ಮ ದುಕಾನಿನವನು ಕಾಲಿದಾಸನ ದುಷ್ಯಂತನಲ್ಲ, ವ್ಯಾಸರ ದುಷ್ಯಂತನು. ಅವನು ಬಲ್ಲನು, ಆದರೆ ಅಶರೀರವಾಣಿಯು ನುಡಿಯದೆ ಬಲ್ಲೆನೆನ್ನಲಾರನು. ರಾಜನಿಗೆ ಜನರ ಅಂಜಿಕೆಯಾದರೆ ಇವನಿಗೆ ಲೆಕ್ಕತಪಾಸಣಿಯ ಅಂಜಿಕೆ. ಇವನಲ್ಲಿ ದೋಷವನ್ನೆಣಿಸುವದು ನನಗೆ ಸರಿದೋರುವದಿಲ್ಲ. ಮುದುಕಿಗೆ ಎರಡು ದಿನದ ಅಕ್ಕಿಯು ತಪ್ಪಿತು. ಇವನಿಗೆ ತಪ್ಪಿದ್ದು, ತನ್ನ ಕಣ್ಣು ಕಂಡದ್ದನ್ನು ತನ್ನ ಬಾಯಿ ಹೇಳುವ ಹಕ್ಕು. ಯಾವ ಹಾನಿ ದೊಡ್ಡದೆಂದು ತೂಗುವದು ಸುಲಭವಲ್ಲ. ಹಸಿವೆಯೇ ದೊಡ್ಡದೆಂದು ಹೊಟ್ಟೆ ತುಂಬಿದ ನಾನು ಹೇಳುವೆನು. ಆ ಮುದುಕಿಯು ಮಾತ್ರ ಅಕ್ಕಿಯ ಮಾತನ್ನು ಎತ್ತದೆ, 'ಅಂವ ಸುಮ್ಮನ ನಿಂತಾ' ಎಂಬ ಮಾತನ್ನೇ ಮತ್ತೆ ಮತ್ತೆ ಆಡಿದಳಂತೆ.

ಇದಕ್ಕಿಂತ ವಿಚಿತ್ರವಾದುದು ಪಿಂಚಣಿಯವರ ಸಂಗತಿ. ವರ್ಷಕ್ಕೊಮ್ಮೆ ತಾನು ಜೀವದಿಂದಿರುವೆನೆಂದು ಅವರು ಪ್ರಮಾಣಪತ್ರ ಕೊಡಬೇಕು. 2014ರ ನವಂಬರಿನಿಂದ ಅದನ್ನೂ ಯಂತ್ರದ ಮುಂದೆ ಬೆರಳನ್ನಿಟ್ಟು ಕೊಡುವ ಅನುಕೂಲವಾಯಿತು. ಈಚೆಗೆ ಮೋರೆಯನ್ನು ತೋರಿಸಿಯೂ ಕೊಡಬಹುದು. ನಡೆಯಲಾರದ ವೃದ್ಧರಿಗೆ ಇದು ನಿಜವಾದ ಉಪಕಾರ. ಆದರೆ ಎದುರಿಗೆ ಉಸಿರಾಡುತ್ತ ಕುಳಿತವನು ಬದುಕಿರುವನೋ ಇಲ್ಲವೋ ಎಂದು ತಿಳಿಯಲು ಯಂತ್ರದ ಉತ್ತರವನ್ನು ಕಾಯುತ್ತ ಇಬ್ಬರು ಮನುಷ್ಯರು ಒಬ್ಬರನ್ನೊಬ್ಬರು ನೋಡುತ್ತ ಕೂಡುವ ಪ್ರಸಂಗವು ಚಾರ್ವಾಕನಿಗೂ ಹೊಳೆದಿರಲಿಕ್ಕಿಲ್ಲ.

ಇಷ್ಟು ಹೇಳಿದ ಮೇಲೆ, ಹಾಗಾದರೆ ಹಳ್ಳಿಯ ಗುರುತೇ ಶ್ರೇಷ್ಠವೆಂದು ಓದುಗರು ಎಣಿಸಬಹುದು. ಇಲ್ಲಿಯೇ ನಾವು ಎಚ್ಚರದಿಂದಿರಬೇಕು. ನಮ್ಮ ಹಳ್ಳಿಯು ಮನುಷ್ಯನನ್ನು ಯಾವದರಿಂದ ಗುರುತಿಸಿತು? ಅವನ ಮೋರೆಯಿಂದ ಮಾತ್ರವಲ್ಲ. ಅವನ ತಂದೆ ಯಾರು, ಓಣಿ ಯಾವದು, ಕುಲ ಯಾವದು ಎಂಬದರಿಂದ. ಆ ಗುರುತು ಸಿಕ್ಕೊಡನೆ ಅವನು ಯಾವ ಬಾವಿಯ ನೀರು ಕುಡಿಯಬೇಕು, ಚಹದ ಅಂಗಡಿಯಲ್ಲಿ ಎಲ್ಲಿ ನಿಲ್ಲಬೇಕು ಎಂಬದೆಲ್ಲವೂ ಗೊತ್ತಾಗುತ್ತಿತ್ತು. ಗುರುತು ಸಿಕ್ಕಿತೆಂಬ ಕಾರಣದಿಂದಲೇ ಎಷ್ಟು ಜನರು ಬಾಗಿಲ ಹೊರಗೆ ನಿಂತರು! ಶರಣರು ಹನ್ನೆರಡನೆಯ ಶತಮಾನದಲ್ಲಿ ಹೋರಾಡಿದ್ದು ಈ ಬಗೆಯ ಗುರುತಿನೊಡನೆಯೇ. ಗದಗಿನಿಂದ ಹೊಳೆಆಲೂರಿನ ಮೇಲೆ ಹಾದುಹೋಗುವ ರೈಲು ಬಂದಾಗ ತಿಕೀಟಿನ ಕಿಂಡಿಯಲ್ಲಿ ಕುಲವನ್ನು ಕೇಳಲಿಲ್ಲ. ರೊಕ್ಕ ಕೊಟ್ಟವನಿಗೆಲ್ಲ ಒಂದೇ ಬಗೆಯ ತಿಕೀಟು ಸಿಕ್ಕಿತು. ಯಂತ್ರದ ಕುರುಡು ಅನೇಕರಿಗೆ ಕರುಣೆಯಾಗಿ ಒದಗಿದೆ. ನಮ್ಮ ಕಡೆಯಿಂದ ಪರದೇಶಕ್ಕೆ ಬಂದ ಒಬ್ಬ ಯುವಕರು, 'ಇಲ್ಲಿ ನನ್ನನ್ನು ಯಾರೂ ಬಲ್ಲವರಿಲ್ಲವೆಂಬುದೇ ನನಗೆ ಮೊದಲ ವರ್ಷದ ಸುಖವಾಗಿತ್ತು' ಎಂದು ಹೇಳಿದಾಗ, ಗುರುತಿಗಾಗಿ ಹಂಬಲಿಸುತ್ತಿದ್ದ ನಾನು ಸುಮ್ಮನಾದೆನು. ಇಷ್ಟೇ ಅಲ್ಲ; ನ್ಯಾಯಬೆಲೆಯ ದುಕಾನಿಗೆ ಯಂತ್ರವು ಬಂದುದು ವಿನಾಕಾರಣವಾಗಿ ಅಲ್ಲ. ಸತ್ತವರ ಹೆಸರಿನ ಕಾರ್ಡುಗಳ ಮೇಲೆ ಅಕ್ಕಿಯನ್ನೆತ್ತಿ ಕಾಳಪೇಟೆಯಲ್ಲಿ ಮಾರುವ ದುಕಾನದಾರರೂ ಜನರನ್ನು ಗುರುತಿನಿಂದಲೇ ಬಲ್ಲವರಾಗಿದ್ದರು.

ಆದರೆ ಯಂತ್ರದ ಕುರುಡನ್ನು ನೆಚ್ಚಿ ನಿಶ್ಚಿಂತರಾಗುವಂತೆಯೂ ಇಲ್ಲ. ಕಾಗದವು ಯಾರ ಕುಲವನ್ನೂ ಕೇಳದೆಂದು ನಾವಂದುಕೊಂಡಿರುವಾಗಲೇ ಅದಕ್ಕೆ ಕಣ್ಣು ಬರೆಯುವವರು ಬರಬಹುದು. ನಾನಿರುವ ದೇಶದಲ್ಲಿಯೇ 1938ರ ಅಕ್ಟೋಬರದಲ್ಲಿ ಯೆಹೂದ್ಯರ ಪ್ರಯಾಣಪತ್ರಗಳ ಮೇಲೆ ಒಂದು ಕೆಂಪು ಅಕ್ಷರವನ್ನು ಒತ್ತಿದರು. ಆ ಒಂದು ಅಕ್ಷರದಿಂದ ಏನಾಯಿತೆಂದು ಜಗತ್ತೇ ಬಲ್ಲದು. ಆ ನೆನಪು ಅಲ್ಲಿಯ ಜನರನ್ನು ಇನ್ನೂ ಬಿಟ್ಟಿಲ್ಲ. ಜನಗಣತಿಯ ಕಾನೂನಿನ ವಿರುದ್ಧ ಗದ್ದಲವೆದ್ದಾಗ 1983ರ ಡಿಸೆಂಬರ 15ರಂದು ಅಲ್ಲಿಯ ಸಂವಿಧಾನ ನ್ಯಾಯಾಲಯವು, ತನ್ನ ವಿಷಯದ ಮಾಹಿತಿಯನ್ನು ಯಾರಿಗೆ ಎಷ್ಟು ತಿಳಿಸಬೇಕೆಂದು ನಿರ್ಧರಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂದು ತೀರ್ಪಿತ್ತಿತು. ರೊಟ್ಟಿಯ ಅಂಗಡಿಯಲ್ಲಿ ನಗದನ್ನೇ ಕೊಡಬಯಸುವ ಮುದುಕರ ಹಟದಲ್ಲಿಯೂ ಈ ಚರಿತ್ರೆಯ ನೆರಳು ಇರುವದೆಂದು ನನ್ನ ಊಹೆ. ಆದರೆ ಕಾಲವು ಅವರನ್ನೂ ಬಿಟ್ಟಿಲ್ಲ. 2021ರ ಆಗಸ್ಟದಿಂದ ಅಲ್ಲಿಯ ನಾಗರಿಕರ ಗುರುತುಚೀಟಿಗೂ ಎರಡು ಬೆರಳಚ್ಚುಗಳನ್ನು ಕೊಡಬೇಕು. ಪರದೇಶೀಯನಾದ ನನ್ನ ನಿವಾಸಪತ್ರದಲ್ಲಿಯೂ ಅವು ಇದ್ದೇ ಇರುವವು. ಎರಡು ಹೂವಿಗೆ ನನ್ನನ್ನು ನಂಬಿದ ದೇಶವು ಗಡಿಯೊಳಗೆ ಇರಗೊಡುವದಕ್ಕೆ ನಂಬಲಿಲ್ಲ. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ.

ಹಾಗಾದರೆ ಗುರುತಿಗೂ ಪುರಾವೆಗೂ ಇರುವ ನಿಜವಾದ ಭೇದವು ಯಾವದು? ನನಗೆ ತೋರುವದು ಹೀಗೆ. ಗುರುತು ಎರಡು ಕಡೆಯದು. ನಾನು ದುಕಾನಿನವನನ್ನು ಬಲ್ಲೆನು, ಅವನು ನನ್ನನ್ನು ಬಲ್ಲನು. ಅವನು ಅನ್ಯಾಯಮಾಡಿದರೆ ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಬಲ್ಲೆನು, ಅವನು ನಾಚಬಲ್ಲನು. ಪುರಾವೆಯು ಒಂದು ಕಡೆಯದು. ಯಂತ್ರವು ಮುದುಕಿಯನ್ನು ಪರೀಕ್ಷಿಸುವದು, ಮುದುಕಿಯು ಯಂತ್ರವನ್ನು ಪರೀಕ್ಷಿಸಲಾರಳು. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಬಾಲ್ಯದ ಕಥೆಯು ಇಲ್ಲಿ ನೆನಪಾಗುವದು. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಕೇಳಿ ಮರುಳಾದ ಹುಡುಗನು 1933ರಲ್ಲಿ ಹನ್ನೊಂದರ ವಯಸ್ಸಿನಲ್ಲಿ ಮನೆಬಿಟ್ಟು ಹೋದನು. ಆ ಮುದ್ರಿಕೆಯನ್ನೇ ಸಾವಿರ ಸಲ ತಿರುಗಿಸಿ ಕೇಳಿ ಕಲಿಯಬಾರದಾಗಿತ್ತೆ? ಯಂತ್ರವು ಹಾಡಿದ್ದನ್ನು ಹುಡುಗನು ಕೇಳಬಲ್ಲನು. ಹುಡುಗನು ಹಾಡಿದ್ದನ್ನು ಯಂತ್ರವು ಕೇಳಲಾರದು. ಗ್ವಾಲಿಯರ ಮೊದಲಾದ ಕಡೆಗಳಲ್ಲಿ ಅಲೆದು ಬಂದು, 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಬಳಿಯಲ್ಲಿ ಸೇರಿದ ಮೇಲೆಯೇ ಅವರ ಶಿಕ್ಷಣವು ನೆಲೆನಿಂತಿತು. ಅಲ್ಲಿ ಕೇಳುವವರಿದ್ದರು. ತಪ್ಪು ಸ್ವರ ಬಂದಾಗ ಅದು ಯಾರ ಕಂಠದಿಂದ ಏಕೆ ಬಂತೆಂದು ಅರಿಯುವವರಿದ್ದರು. ಮುದ್ರಿಕೆಯು ಕರೆಯಿತು, ಕರೆದುದು ಅದರ ದೊಡ್ಡ ಉಪಕಾರವೇ ಸರಿ.

ಎರಡನ್ನೂ ಕೂಡಿಸುವ ಹಾದಿಯಿಲ್ಲವೆ ಎಂದು ಹುಡುಕಿದರೆ, ನನ್ನ ಎರಡು ಊರುಗಳನ್ನೂ ಜೋಡಿಸುವ ಒಂದು ಚರಿತ್ರೆಯೇ ಕಣ್ಣಿಗೆ ಬೀಳುವದು. ಪಶ್ಚಿಮ ಜರ್ಮನಿಯ ಗುಡ್ಡಗಾಡಿನ ಹಳ್ಳಿಗಳಲ್ಲಿ ಅಧ್ಯಕ್ಷನಾಗಿದ್ದ ಫ್ರೀಡ್ರಿಶ್ ವಿಲ್‌ಹೆಲ್ಮ್ ರೈಫೈಸನ್ (1818-1888) ಎಂಬವನು 1846-47ರ ಬರಗಾಲದಲ್ಲಿ ಹಸಿದವರಿಗೆ ರೊಟ್ಟಿಯನ್ನು ಒದಗಿಸುವ ಸಂಘವನ್ನು ಕಟ್ಟಿದನು. 1864ರಲ್ಲಿ ಹೆಡ್ಡೆಸ್‌ಡಾರ್ಫಿನಲ್ಲಿ ಸಾಲದ ಸಂಘವನ್ನು ಕಟ್ಟಿದನು. ಅವನ ವಿಚಾರವು ಸರಳವಾದುದು. ಬಡ ರೈತನಲ್ಲಿ ಒತ್ತೆಯಿಡಲು ಬಂಗಾರವಿಲ್ಲ. ಆದರೆ ಅವನು ಎಂಥವನೆಂದು ನೆರೆಯವರು ಬಲ್ಲರು. ಆ ಬಲ್ಲುವಿಕೆಯನ್ನೇ ಬಂಡವಾಳವನ್ನಾಗಿ ಮಾಡಬೇಕು. ಸಂಘದ ಎಲ್ಲೆಯು ಒಬ್ಬರನ್ನೊಬ್ಬರು ಅರಿತವರಷ್ಟಕ್ಕೆ ಸೀಮಿತವಾಗಿರಬೇಕು. ಒಬ್ಬನ ಸಾಲಕ್ಕೆ ಎಲ್ಲರೂ ತಮ್ಮ ಆಸ್ತಿಯಿಂದ ಹೊಣೆಯಾಗಬೇಕು. ಮದರಾಸಿನ ಅಧಿಕಾರಿಯಾದ ನಿಕಲ್ಸನ್ನನು ಈ ಪದ್ಧತಿಯನ್ನು ಅಭ್ಯಾಸಮಾಡಿ ವರದಿ ಬರೆದನು, 1904ರಲ್ಲಿ ಕಾಯಿದೆಯಾಯಿತು. ಮರುವರ್ಷವೇ, 1905ರಲ್ಲಿ, ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದು ಈ ದೇಶದ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಇಂದಿಗೂ ಜರ್ಮನಿಯ ಹಳ್ಳಿಹಳ್ಳಿಗಳಲ್ಲಿ ರೈಫೈಸನ್ನನ ಹೆಸರಿನ ಬ್ಯಾಂಕಿನ ಹಲಗೆಯನ್ನು ಕಂಡಾಗ ನನಗೆ ಕಣಗಿನಹಾಳವು ನೆನಪಾಗುವದು. ಅಲ್ಲಿಯ ನನ್ನ ನೆರೆಯವರಿಗೆ ಇದನ್ನು ಹೇಳಿದರೆ ಅವರಿಗೆ ಅಚ್ಚರಿ. ನಮ್ಮ ಊರಿನ ತರುಣರಿಗೆ ಹೇಳಿದರೂ ಅಷ್ಟೇ ಅಚ್ಚರಿ.

ಈ ಪದ್ಧತಿಯಲ್ಲಿ ನನಗೆ ಬೆಲೆಯುಳ್ಳದ್ದಾಗಿ ತೋರುವದು ಹೊಣೆಯ ಮಾತು. ಗುರುತು ಇಲ್ಲಿ ಬರಿಯ ಪರಿಚಯವಲ್ಲ. ಇವನನ್ನು ಬಲ್ಲೆನೆಂದು ಹೇಳಿದವನು ಸಹಿ ಹಾಕಬೇಕು. ಹೇಳಿದ್ದು ಸುಳ್ಳಾದರೆ ತೆರಬೇಕು. ಆಗ ಗುರುತು ಪುರಾವೆಯಾಗುವದು, ಎರಡು ಕಡೆಯದಾಗಿಯೇ ಉಳಿದು ಪುರಾವೆಯಾಗುವದು. ಕುಲವನ್ನು ನೋಡಿ ಬಾಗಿಲು ಮುಚ್ಚುವ ಗುರುತಿಗೂ ಇದಕ್ಕೂ ಬಹಳ ಅಂತರವುಂಟು. ಅದು ಹೊಣೆಯನ್ನು ಹೊರುವದಿಲ್ಲ.

2018ರ ಸೆಪ್ಟೆಂಬರ 26ರಂದು ಸರ್ವೋಚ್ಚ ನ್ಯಾಯಾಲಯವು ಆಧಾರದ ಕಾಯಿದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದಾಗ, ಬೆರಳು ಹೊಂದಲಿಲ್ಲವೆಂಬ ಕಾರಣಕ್ಕಾಗಿ ಹಕ್ಕುಳ್ಳವರಿಗೆ ಸವಲತ್ತು ತಪ್ಪಬಾರದೆಂಬ ಮಾತೂ ಆ ತೀರ್ಪಿನಲ್ಲಿ ಬಂದಿದೆ. ಮಾತು ದೊಡ್ಡದು. ಆದರೆ ದಿಲ್ಲಿಯ ತೀರ್ಪು ಎರೆಯ ಸೀಮೆಯ ದುಕಾನಿನ ಕಟ್ಟೆಗೆ ಬರುವಷ್ಟರಲ್ಲಿ ಮುದುಕಿಯು ಎರಡು ಸಲ ಮನೆಗೆ ಹೋಗಿ ಬಂದಿರುವಳು. ಜರ್ಮನಿಯ ಅಂಗಡಿಗಳಲ್ಲಿ ಖಾಲಿ ಶೀಸೆಗಳನ್ನು ನುಂಗಿ ಒತ್ತೆಯ ಹಣವನ್ನು ಮರಳಿ ಕೊಡುವ ಯಂತ್ರಗಳಿವೆ. ಶೀಸೆಯ ಮೇಲಿನ ಚೀಟಿಯು ಮಾಸಿದ್ದರೆ ಅದನ್ನು ಯಂತ್ರವು ಹೊರಗೆ ನೂಕುವದು. ನನ್ನ ಬಡಾವಣೆಯ ಅಂಗಡಿಯಲ್ಲಿ ಅದರ ಮಗ್ಗುಲಲ್ಲಿಯೇ ಒಂದು ಗುಂಡಿ ಇದೆ. ಅದನ್ನೊತ್ತಿದರೆ ಅಂಗಡಿಯ ಹುಡುಗಿಯೊಬ್ಬಳು ಬಂದು ಶೀಸೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಸರಿಯೆಂದು ತಲೆಯಾಡಿಸಿ, ಹಣವನ್ನು ಕೊಡಿಸುವಳು. ಇಪ್ಪತ್ತೈದು ಸೆಂಟಿನ ಶೀಸೆಗೆ ದೊರೆಯುವ ಈ ಮರುವಿಚಾರಣೆಯು ಸವೆದ ಹೆಬ್ಬೆಟ್ಟಿಗೆ ಆ ಕ್ಷಣದಲ್ಲಿಯೇ, ಆ ಕಟ್ಟೆಯ ಮೇಲೆಯೇ ದೊರೆಯಬೇಕು. ಯಂತ್ರವು ಅಲ್ಲವೆಂದಾಗ, ದುಕಾನಿನವನೂ ನೆರೆಯವರಿಬ್ಬರೂ ಇವಳು ಇಂಥವಳೆಂದು ಪುಸ್ತಕದಲ್ಲಿ ಸಹಿ ಮಾಡಿ ಅಕ್ಕಿಯನ್ನು ಕೊಡುವ ಅಧಿಕಾರವಿರಬೇಕು. ಕೈಬರಹದ ಪುಸ್ತಕವು ಕೆಲವು ಕಡೆ ಇದ್ದಿರಬಹುದು. ಅದನ್ನು ತೆರೆಯುವ ಧೈರ್ಯವನ್ನು ದುಕಾನಿನವನಿಗೆ ಯಾರೂ ಕೊಟ್ಟಿಲ್ಲ.

ಇಂಥ ಅಧಿಕಾರವನ್ನು ಕೊಟ್ಟರೆ ಅವನು ದುರುಪಯೋಗಮಾಡುವನೆಂದು ನನಗೆ ಒಬ್ಬ ಅಧಿಕಾರಿಗಳು ಹೇಳಿದರು. ಮಾಡಬಹುದು. ಮಾಡಿದರೆ ಪುಸ್ತಕದಲ್ಲಿ ಅವನ ಸಹಿ ಇರುವದು, ಅವನ ಮಗ್ಗುಲಲ್ಲಿ ಸಹಿ ಹಾಕಿದ ಇಬ್ಬರ ಹೆಸರುಗಳೂ ಇರುವವು; ಆ ಮೂವರ ಮನೆಗಳು ಎಲ್ಲಿವೆಯೆಂಬದು ಊರಿಗೆಲ್ಲ ಗೊತ್ತು.